ಕಾಲೇಜಿನ ಮೊದಲ ಸೆಮಿಸ್ಟರ್: ಹಿಂದೆ ಬಿದ್ದದ್ದು ಬೇಗ ಗೊತ್ತಾಗಬೇಕು

ಪ್ರಶ್ನೆ: ಸರ್, ಮುಂದಿನ ತಿಂಗಳು ನಾನು ಕಾಲೇಜು ಸೇರುತ್ತಿದ್ದೇನೆ. ಮುಖ್ಯ ವಿಷಯ ಭೌತವಿಜ್ಞಾನ. ಶಾಲೆಯಲ್ಲಿ ಯಾವಾಗಲೂ ಮೊದಲ ಮೂವರಲ್ಲಿ ಒಬ್ಬನಾಗಿರುತ್ತಿದ್ದೆ, ಆದರೆ ನಿಜ ಹೇಳಬೇಕೆಂದರೆ ಪರೀಕ್ಷೆಗೆ ಒಂದು ವಾರ ಇರುವಾಗ ಕುಳಿತು ಓದಿದರೆ ಸಾಕಾಗುತ್ತಿತ್ತು. ಕಾಲೇಜಿನಲ್ಲಿ ಈ ಆಟ ನಡೆಯುವುದಿಲ್ಲ ಎಂದು ಎಲ್ಲರೂ ಹೆದರಿಸುತ್ತಿದ್ದಾರೆ. ಮೊದಲ ವರ್ಷ ಆರಾಮವಾಗಿ ಕಳೆ, ಆಮೇಲೆ ನೋಡಿಕೊಳ್ಳಬಹುದು ಎನ್ನುತ್ತಾನೆ ಅಣ್ಣ. ಒಂದು ನಿಮಿಷವನ್ನೂ ಹಾಳು ಮಾಡಬೇಡ ಎನ್ನುತ್ತಾರೆ ಅಪ್ಪ. ಹಾಸ್ಟೆಲ್‌ನಲ್ಲಿ ಪರಿಚಯದವರು ಒಬ್ಬರೂ ಇಲ್ಲ. ಹೇಗೆ ಓದಬೇಕು? ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ? ಸೇರುವ ಮೊದಲೇ ಏನಾದರೂ ಓದಿಕೊಂಡಿರಬೇಕೆ, ಏನಾದರೂ ಕೊಂಡಿಟ್ಟುಕೊಳ್ಳಬೇಕೆ?

ಉತ್ತರ: ಅಣ್ಣ, ಅಪ್ಪ ಇಬ್ಬರೂ ನಿಮ್ಮ ಒಳ್ಳೆಯದಕ್ಕೇ ಹೇಳಿದ್ದಾರೆ. ಆದರೆ ಇಬ್ಬರ ಮಾತೂ ಎಷ್ಟು ಹೊತ್ತು ಓದಬೇಕು ಎಂಬುದರ ಸುತ್ತಲೇ ಇದೆ. ಮೊದಲ ವರ್ಷದವರಿಗೆ ಪಾಠ ಹೇಳುವ ನನಗೆ ತೊಂದರೆಯ ಬೇರು ಅಲ್ಲಿದೆ ಎಂದು ಅನ್ನಿಸುವುದಿಲ್ಲ. ಹಗಲಿರುಳು ಓದಿದವರೂ ಎಡವುತ್ತಾರೆ, ಅಷ್ಟೇನೂ ಓದದವರೂ ದಾಟಿಕೊಳ್ಳುತ್ತಾರೆ. ಎಡವಿದವರಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿಯೊಂದಿದೆ: ತಾವು ಹಿಂದೆ ಬಿದ್ದಿದ್ದೇವೆ ಎಂಬುದೇ ಅವರಿಗೆ ತೀರಾ ತಡವಾಗಿ ಗೊತ್ತಾಗಿರುತ್ತದೆ.

ಶಾಲೆಯಲ್ಲಿ ಹೇಗಿತ್ತು ನೋಡಿ. ಮನೆಗೆಲಸ ಮಾಡದಿದ್ದರೆ ಮರುದಿನವೇ ಕೇಳುವವರಿದ್ದರು. ವಾರಕ್ಕೊಂದು ಕಿರುಪರೀಕ್ಷೆ ಇರುತ್ತಿತ್ತು. ಗಣಿತದಲ್ಲಿ ಎರಡು ಸಲ ಅಂಕ ಕಡಿಮೆ ಬಂದರೆ ಸುದ್ದಿ ನಿಮಗಿಂತ ಮೊದಲು ಮನೆ ತಲುಪುತ್ತಿತ್ತು. ಪಾಠ ಅರ್ಥವಾಗದಿದ್ದಾಗ ನಿಮ್ಮ ಮುಖ ನೋಡಿಯೇ ಮೇಷ್ಟ್ರು ಇನ್ನೊಮ್ಮೆ ಹೇಳುತ್ತಿದ್ದರು. ಅದೆಲ್ಲ ಕಿರಿಕಿರಿ ಎನ್ನಿಸಿದ್ದಿರಬಹುದು, ಆದರೆ ನೀವು ಎಲ್ಲಿದ್ದೀರಿ ಎಂದು ದಿನದಿನವೂ ತಿಳಿಸುವ ಏರ್ಪಾಡು ಅದೇ ಆಗಿತ್ತು. ಕಾಲೇಜಿನಲ್ಲಿ ಅದು ಒಮ್ಮೆಗೇ ನಿಂತುಹೋಗುತ್ತದೆ. ದೊಡ್ಡ ತರಗತಿಯಲ್ಲಿ ಹಿಂದಿನ ಸಾಲಿನವರ ಮುಖ ಅಧ್ಯಾಪಕರಿಗೆ ಕಾಣುವುದೇ ಇಲ್ಲ. ಮೂರನೆಯ ವಾರದಲ್ಲಿ ಎಳೆ ತಪ್ಪಿದರೆ ಅದು ನಿಮಗೆ ತಿಳಿಯುವುದು ಸೆಮಿಸ್ಟರ್‌ನ ನಡುವಿನ ಪರೀಕ್ಷೆಯ ಅಂಕಪಟ್ಟಿಯಲ್ಲಿ. ಅಷ್ಟು ಹೊತ್ತಿಗೆ ಆ ಮೂರನೆಯ ವಾರದ ಮೇಲೆ ಇನ್ನೂ ಐದಾರು ವಾರದ ಪಾಠ ಪೇರಿಸಿಕೊಂಡಿರುತ್ತದೆ. ಹಾಗಾಗಿ ನೀವು ಕಲಿಯಬೇಕಾದ ಮೊದಲ ವಿದ್ಯೆ, ಆ ಸುದ್ದಿಯನ್ನು ನೀವೇ ಬೇಗ ತರಿಸಿಕೊಳ್ಳುವುದು. ನನ್ನ ಉಳಿದ ಸಲಹೆಗಳೆಲ್ಲ ಇದರಿಂದಲೇ ಹೊರಡುತ್ತವೆ.

ಅದಕ್ಕಿಂತ ಮೊದಲು ಅಪ್ಪ ಮತ್ತು ಅಣ್ಣನ ತಕರಾರು ಮುಗಿಸಿಬಿಡೋಣ. ಪೂರ್ಣಾವಧಿ ಓದು ಎಂದರೆ ಎಷ್ಟು ಕೆಲಸ ಎಂಬುದಕ್ಕೆ ಯುರೋಪಿನ ಕಾಲೇಜುಗಳು ಬಳಸುವ ಕ್ರೆಡಿಟ್ ಲೆಕ್ಕ ಒಳ್ಳೆಯ ಅಂದಾಜು ಕೊಡುತ್ತದೆ. ಅಲ್ಲಿ ಒಂದು ವರ್ಷಕ್ಕೆ 60 ಕ್ರೆಡಿಟ್, ಒಂದೊಂದು ಕ್ರೆಡಿಟ್‌ಗೆ 25ರಿಂದ 30 ಗಂಟೆ. ತರಗತಿ, ಲ್ಯಾಬ್, ಸ್ವಂತ ಓದು, ಪರೀಕ್ಷೆ ಎಲ್ಲ ಸೇರಿ ವರ್ಷಕ್ಕೆ 1,500ರಿಂದ 1,800 ಗಂಟೆ ಆಗುತ್ತದೆ. 40 ವಾರಕ್ಕೆ ಹಂಚಿದರೆ ವಾರಕ್ಕೆ 38ರಿಂದ 45 ಗಂಟೆ. ಅಂದರೆ ಇದು ಒಬ್ಬ ಉದ್ಯೋಗಿಯ ವಾರದಷ್ಟೇ ಕೆಲಸ, ಅದಕ್ಕಿಂತ ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಒಂದು ನಿಮಿಷವೂ ಹಾಳಾಗಬಾರದು ಎಂಬ ಅಪ್ಪನ ಕಟ್ಟುನಿಟ್ಟು ಬೇಕಾಗಿಲ್ಲ, ಸಂಜೆ ಆಡಲು ಹೊತ್ತು ಸಿಗುತ್ತದೆ. ಆದರೆ ಮೊದಲ ವರ್ಷವನ್ನು ರಜೆ ಎಂದುಕೊಳ್ಳುವ ಅಣ್ಣನ ಮಾತನ್ನು ಭೌತವಿಜ್ಞಾನದಲ್ಲಂತೂ ನಂಬಬೇಡಿ. ಎರಡನೆಯ ವರ್ಷದವರು ವಿದ್ಯುತ್ಕಾಂತತೆಯಲ್ಲಿ ಒದ್ದಾಡುವುದನ್ನು ನೋಡಿದ್ದೇನೆ. ಕೆದಕಿ ನೋಡಿದರೆ ಅಡಚಣೆ ಇರುವುದು ಮೊದಲ ವರ್ಷದ ಕಲನಶಾಸ್ತ್ರದಲ್ಲಿ.

ಈಗ ಓದುವ ಕ್ರಮಕ್ಕೆ ಬರೋಣ. ನಿಮ್ಮ ಒಂದು ವಾರದ ಓದು ಶಾಲೆಯಲ್ಲಿ ಕೆಲಸ ಮಾಡಿತು, ಸುಳ್ಳಲ್ಲ. ಅದು ಯಾಕೆ ಕೆಲಸ ಮಾಡಿತು ಎಂಬುದಕ್ಕೆ ಒಂದು ಪ್ರಯೋಗ ಕೈಗೆ ಸಿಗುವ ಉತ್ತರ ಕೊಡುತ್ತದೆ. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗ ಅದು. ಕಾಲೇಜು ವಿದ್ಯಾರ್ಥಿಗಳಿಗೆ ಚಿಕ್ಕ ಚಿಕ್ಕ ಪಾಠಗಳನ್ನು ಓದಲು ಕೊಟ್ಟರು. ಒಂದು ಸೂರ್ಯನ ಬಗ್ಗೆ, ಇನ್ನೊಂದು ಕಡಲ ನೀರುನಾಯಿಯ ಬಗ್ಗೆ. ಒಮ್ಮೆ ಓದಿದ ಮೇಲೆ ಒಂದು ಪಾಠವನ್ನು ಮತ್ತೊಮ್ಮೆ ಓದಿಸಿದರು. ಇನ್ನೊಂದು ಪಾಠಕ್ಕೆ ಮರು ಓದು ಇಲ್ಲ, ಖಾಲಿ ಹಾಳೆ ಕೊಟ್ಟು ನೆನಪಿದ್ದಷ್ಟು ಬರೆಯಿರಿ ಎಂದರು. ಐದು ನಿಮಿಷ ಬಿಟ್ಟು ಪರೀಕ್ಷಿಸಿದಾಗ ಎರಡು ಸಲ ಓದಿದ್ದೇ ಮುಂದಿತ್ತು: ಶೇಕಡ 81, ಬರೆದದ್ದು ಶೇಕಡ 75. ಒಂದು ವಾರದ ನಂತರ ಪರೀಕ್ಷಿಸಿದವರಲ್ಲಿ ಲೆಕ್ಕ ತಿರುಗಿತು. ಎರಡು ಸಲ ಓದಿದ್ದು ಶೇಕಡ 42ಕ್ಕೆ ಇಳಿದಿತ್ತು, ಒಮ್ಮೆ ಓದಿ ಒಮ್ಮೆ ಬರೆದದ್ದು ಶೇಕಡ 56ರಲ್ಲಿ ನಿಂತಿತ್ತು. ಓದಿ ಕೂಡಲೇ ಪರೀಕ್ಷೆ ಬರೆಯುವವನಿಗೆ ಮರು ಓದು ಒದಗುತ್ತದೆ. ನಿಮ್ಮ ಶಾಲೆಯ ಅಂಕಗಳ ಗುಟ್ಟು ಅಲ್ಲಿದೆ. ಆದರೆ ಈ ಸೆಮಿಸ್ಟರ್‌ನಲ್ಲಿ ಕಲಿತದ್ದರ ಮೇಲೆಯೇ ಮುಂದಿನ ಸೆಮಿಸ್ಟರ್ ನಿಲ್ಲುವ ಕಡೆ ವಾರ ಕಳೆಯುವುದರೊಳಗೆ ಸೋರಿಹೋಗುವ ಓದಿನಿಂದ ಪ್ರಯೋಜನವಿಲ್ಲ.

ಅದೇ ಅಧ್ಯಯನದ ಎರಡನೆಯ ಪ್ರಯೋಗದಲ್ಲಿ ಇನ್ನೊಂದು ಸಂಗತಿ ಕಂಡಿತು, ನನಗೆ ಅದೇ ಹೆಚ್ಚು ಮುಖ್ಯ. ನಾಲ್ಕು ಸಲ ಓದಿದವರನ್ನು, ವಾರದ ನಂತರ ನಿಮಗೆ ಎಷ್ಟು ನೆನಪಿರಬಹುದು ಎಂದು ಮೊದಲೇ ಕೇಳಿದ್ದರು. ಒಮ್ಮೆ ಓದಿ ಮೂರು ಸಲ ನೆನಪಿನಿಂದ ಬರೆದವರಿಗಿಂತ ಇವರಿಗೇ ತಮ್ಮ ಮೇಲೆ ಹೆಚ್ಚು ಭರವಸೆ ಇತ್ತು. ವಾರ ಕಳೆದ ಮೇಲೆ ಇವರಿಗೆ ನೆನಪಿದ್ದದ್ದು ಶೇಕಡ 40, ಅವರಿಗೆ ಶೇಕಡ 61. ಮತ್ತೆ ಮತ್ತೆ ಓದಿದಾಗ ಸಾಲುಗಳು ಪರಿಚಿತವಾಗುತ್ತವೆ. ಆ ಪರಿಚಯವನ್ನೇ ನಾವು ತಿಳಿವಳಿಕೆ ಎಂದುಕೊಂಡುಬಿಡುತ್ತೇವೆ. ಪುಸ್ತಕದ ಸಾಲಿನ ಮೇಲೆ ಹಳದಿ ಬಣ್ಣ ಎಳೆಯುವ ಅಭ್ಯಾಸವೂ ಇದೇ ಜಾತಿಯದು. ಜಾನ್ ಡನ್‌ಲೋಸ್ಕಿ ಮತ್ತು ಸಂಗಡಿಗರು 2013ರಲ್ಲಿ ಓದಿನ ಹತ್ತು ವಿಧಾನಗಳನ್ನು ತೂಗಿ ನೋಡಿದಾಗ ಬಣ್ಣ ಬಳಿಯುವುದು, ಮರು ಓದು ಎರಡೂ ಕೆಳಗಿನ ಪಂಕ್ತಿಗೆ ಹೋದವು. ಮೇಲಿನ ಪಂಕ್ತಿಯಲ್ಲಿ ಉಳಿದದ್ದು ಎರಡೇ: ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು, ಓದನ್ನು ದಿನಗಳಿಗೆ ಹಂಚಿಕೊಳ್ಳುವುದು. ಹಾಗಾಗಿ ಬಣ್ಣದ ಪೆನ್ನುಗಳ ಕಟ್ಟು ಕೊಳ್ಳುವ ಯೋಚನೆ ಇದ್ದರೆ ಬಿಟ್ಟುಬಿಡಿ.

ಖಾಲಿ ಹಾಳೆಯ ಓದು ಹೇಗಿರುತ್ತದೆ ಎಂದು ನಿಮ್ಮ ವಿಷಯದಲ್ಲೇ ತೋರಿಸುತ್ತೇನೆ. ಬೆಳಿಗ್ಗೆ ತರಗತಿಯಲ್ಲಿ ಸಂವೇಗ ಸಂರಕ್ಷಣೆ ಆಯಿತು ಎಂದಿಟ್ಟುಕೊಳ್ಳಿ. ಸಂಜೆ ನೋಟ್ಸ್ ಮುಚ್ಚಿಟ್ಟು ಒಂದು ಹಾಳೆ ತೆಗೆದುಕೊಳ್ಳುತ್ತೀರಿ. ‘ಬಾಹ್ಯ ಬಲ ಇಲ್ಲದಿದ್ದರೆ ಒಟ್ಟು ಸಂವೇಗ ಬದಲಾಗುವುದಿಲ್ಲ’ ಎಂದು ಬರೆಯುತ್ತೀರಿ; ಇಷ್ಟು ಸಲೀಸು. ಈಗ ಉದಾಹರಣೆ ಕೊಡಬೇಕು. ಗೋಡೆಗೆ ಬಡಿದು ಅದೇ ವೇಗದಲ್ಲಿ ಹಿಂದಿರುಗುವ ಚೆಂಡು ಹೊಳೆಯುತ್ತದೆ. ಬರೆಯುತ್ತಾ ಹೋದಂತೆ ಪೆನ್ನು ನಿಲ್ಲುತ್ತದೆ: ಮೊದಲು ಬಲಕ್ಕೆ ಇದ್ದ ಸಂವೇಗ ಈಗ ಎಡಕ್ಕೆ ಇದೆ, ಹಾಗಾದರೆ ಸಂರಕ್ಷಣೆ ಎಲ್ಲಿ ಆಯಿತು? ತರಗತಿಯಲ್ಲಿ ತಲೆಯಾಡಿಸುತ್ತಾ ಕುಳಿತಿದ್ದಾಗ ಈ ಪ್ರಶ್ನೆ ಎದ್ದಿರಲಿಲ್ಲ, ನೋಟ್ಸ್ ಹತ್ತು ಸಲ ಓದಿದ್ದರೂ ಏಳುತ್ತಿರಲಿಲ್ಲ. ಹಾಳೆಯ ಮೇಲೆ ಮಾತ್ರ ಎದ್ದಿತು. ಪುಸ್ತಕ ತೆರೆದಾಗ, ಅಥವಾ ಮರುದಿನ ಕೇಳಿದಾಗ ತಿಳಿಯುತ್ತದೆ: ಚೆಂಡನ್ನು ಮಾತ್ರ ಲೆಕ್ಕಕ್ಕೆ ಹಿಡಿದರೆ ಗೋಡೆ ಕೊಡುವ ಬಲ ಬಾಹ್ಯ ಬಲವೇ, ಗೋಡೆ, ಅದು ನಿಂತ ಭೂಮಿ ಎರಡನ್ನೂ ಸೇರಿಸಿಕೊಂಡರೆ ಆ ಸಂವೇಗ ಅಲ್ಲಿಗೆ ಹೋಗಿದೆ, ಭೂಮಿಯ ರಾಶಿ ಅಪಾರವಾದ್ದರಿಂದ ಅದರ ಚಲನೆ ಮಾತ್ರ ನಮಗೆ ಕಾಣುವುದಿಲ್ಲ. ಎಡವಿದ್ದು ಅದೇ ದಿನ ತಿಳಿಯುವುದು ಎಂದರೆ ಹೀಗೆ. ಇದಕ್ಕೆ ಹಿಡಿಯುವುದು ಕಾಲು ಗಂಟೆ, ಹೆಚ್ಚೆಂದರೆ ಇಪ್ಪತ್ತು ನಿಮಿಷ.

ಲೆಕ್ಕಗಳಿಗೂ ಇದೇ ಮಾತು. ಬಿಡಿಸಿಟ್ಟ ಉತ್ತರವನ್ನು ಓದಿ ‘ಹೌದು, ಸರಿ’ ಎನ್ನುವುದು ದಡದಲ್ಲಿ ಕುಳಿತು ಬೇರೆಯವರ ಈಜು ನೋಡಿದಂತೆ. ಉತ್ತರ ನೋಡಿ, ಪುಸ್ತಕ ಮುಚ್ಚಿ, ಅದೇ ಲೆಕ್ಕವನ್ನು ಖಾಲಿ ಹಾಳೆಯಲ್ಲಿ ಮೊದಲಿನಿಂದ ಬಿಡಿಸಿ. ಸಿಕ್ಕಿಹಾಕಿಕೊಂಡ ಹೆಜ್ಜೆಯ ಪಕ್ಕ ಒಂದು ಗುರುತು ಹಾಕಿ. ಮೂರು ದಿನ ಬಿಟ್ಟು ಆ ಗುರುತಿನ ಲೆಕ್ಕಗಳನ್ನು ಮಾತ್ರ ಮತ್ತೆ ಮಾಡಿ.

ಯಾಕೆ ಮೂರು ದಿನ, ಯಾಕೆ ಪರೀಕ್ಷೆಯ ಹಿಂದಿನ ವಾರವಲ್ಲ? ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲಿ ಪ್ರಕಟಿಸಿದ ಪುಸ್ತಕದಿಂದಲೇ ಈ ಚರ್ಚೆ ಶುರುವಾಯಿತು. ಆತ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಬೇರೆ ಬೇರೆ ಅವಧಿ ಬಿಟ್ಟು ಮರಳಿ ಕಲಿತು, ಎರಡನೆಯ ಸಲ ಎಷ್ಟು ಶ್ರಮ ಉಳಿಯಿತು ಎಂದು ಅಳೆದ. ಒಂದು ದಿನದೊಳಗೆ ಉಳಿತಾಯ ಮೂರನೆಯ ಒಂದು ಪಾಲಿಗೆ ಇಳಿದಿತ್ತು. ಆದರೆ ಆಮೇಲೆ ಇಳಿಕೆ ನಿಧಾನವಾಯಿತು, ಒಂದು ತಿಂಗಳಾದರೂ ಐದನೆಯ ಒಂದು ಪಾಲು ಉಳಿದಿತ್ತು. ನಿಮ್ಮ ಪಾಠಗಳಿಗೆ ಅರ್ಥವಿದೆ, ಆದ್ದರಿಂದ ಅವು ಅಷ್ಟು ಬೇಗ ಸೋರುವುದಿಲ್ಲ. ಆದರೂ ಮರೆವು ಮೊದಲ ದಿನವೇ ಜೋರಾಗಿ ಕಡಿಯುತ್ತದೆ ಎಂಬುದು ನಿಜ. ಅಂದೇ ಸಂಜೆ ಒಮ್ಮೆ, ಎರಡು ಮೂರು ದಿನ ಬಿಟ್ಟು ಒಮ್ಮೆ, ವಾರ ಎರಡು ವಾರದ ನಂತರ ಒಮ್ಮೆ ನೆನಪಿಸಿಕೊಂಡರೆ, ಅದೇ ಒಟ್ಟು ಹೊತ್ತನ್ನು ಒಂದೇ ರಾತ್ರಿ ಸುರಿದದ್ದಕ್ಕಿಂತ ಹೆಚ್ಚು ಉಳಿಯುತ್ತದೆ. ದಿನಗಳ ಲೆಕ್ಕವನ್ನು ಪಂಚಾಂಗದಂತೆ ಪಾಲಿಸಬೇಕಾಗಿಲ್ಲ, ನಡುವೆ ಅಂತರ ಇದ್ದರಾಯಿತು.

ಈ ಓದು ಮೊದಮೊದಲು ಹಿಂಸೆ ಎನ್ನಿಸುತ್ತದೆ, ಇದನ್ನು ಮೊದಲೇ ಹೇಳಿಬಿಡಬೇಕು. ಶಾಲೆಯಲ್ಲಿ ಮುಂದಿದ್ದವರಿಗೆ ಖಾಲಿ ಹಾಳೆಯ ಎದುರು ಪೆನ್ನು ನಿಲ್ಲುವುದು ಅವಮಾನದಂತೆ ಕಾಣುತ್ತದೆ. ‘ನನಗೆ ಇದು ಒಗ್ಗುವುದಿಲ್ಲ, ನಾನು ಕಣ್ಣಿನಿಂದ ಕಲಿಯುವವನು’ ಎಂದು ಹೇಳಿ ಮರಳಿ ಬಣ್ಣದ ಪೆನ್ನಿಗೆ ಹೋಗುವವರಿದ್ದಾರೆ. (ಕಣ್ಣಿನಿಂದ ಕಲಿಯುವವರು, ಕಿವಿಯಿಂದ ಕಲಿಯುವವರು ಎಂದು ವಿಂಗಡಿಸಿ ಅದಕ್ಕೆ ತಕ್ಕಂತೆ ಪಾಠ ಮಾಡಿದರೆ ಹೆಚ್ಚು ಕಲಿಯುತ್ತಾರೆ ಎಂಬುದಕ್ಕೆ ಸಾಕಷ್ಟು ಪುರಾವೆ ಇಲ್ಲ ಎಂದು ಹೆರಾಲ್ಡ್ ಪ್ಯಾಶ್ಲರ್ ಮತ್ತು ಸಂಗಡಿಗರು 2008ರಲ್ಲೇ ವಿಮರ್ಶಿಸಿ ಹೇಳಿದ್ದಾರೆ. ನಂಬಿಕೆ ಮಾತ್ರ ಇನ್ನೂ ಗಟ್ಟಿಯಾಗಿದೆ.) ಹಾರ್ವರ್ಡ್‌ನಲ್ಲಿ ಮೊದಲ ಹಂತದ ಭೌತವಿಜ್ಞಾನ ತರಗತಿಗಳಲ್ಲೇ ಒಂದು ಪ್ರಯೋಗ ನಡೆದು 2019ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಸೊಗಸಾದ ಉಪನ್ಯಾಸ, ಇನ್ನೊಂದು ಗುಂಪಿಗೆ ಅದೇ ವಿಷಯದ ಲೆಕ್ಕಗಳನ್ನು ತಾವೇ ಚರ್ಚಿಸಿ ಬಿಡಿಸುವ ಕೆಲಸ. ಎರಡನೆಯ ಗುಂಪು ಪರೀಕ್ಷೆಯಲ್ಲಿ ಹೆಚ್ಚು ಅಂಕ ತೆಗೆಯಿತು. ಆದರೆ ಹೆಚ್ಚು ಕಲಿತೆವು ಎಂದು ಹೇಳಿದವರು ಉಪನ್ಯಾಸ ಕೇಳಿದವರು. ಸಲೀಸಾಗಿ ಒಳಗೆ ಹೋದದ್ದು ಕಲಿತಂತೆ ತೋರುತ್ತದೆ, ತಡವರಿಸಿದ್ದು ತೋರುವುದಿಲ್ಲ. ಈ ವಿಷಯದಲ್ಲಿ ನಿಮ್ಮ ಅನ್ನಿಸಿಕೆಯನ್ನು ನಂಬಬೇಡಿ, ಹಾಳೆಯನ್ನು ನಂಬಿ.

ಚಾಟ್‌ಬಾಟ್‌ಗಳ ಬಗ್ಗೆ ನೀವು ಕೇಳಿಲ್ಲ, ಆದರೆ ಮೊದಲ ಅಸೈನ್‌ಮೆಂಟ್ ಬಂದ ರಾತ್ರಿಯೇ ಆ ಪ್ರಶ್ನೆ ಏಳುತ್ತದೆ. ಅದು ಬರೆದುಕೊಟ್ಟ ಉತ್ತರ ಓದಲು ಎಷ್ಟು ಸಲೀಸು ಎಂದರೆ, ಮೇಲೆ ಹೇಳಿದ ಭ್ರಮೆ ಅಲ್ಲಿ ಇಮ್ಮಡಿಯಾಗುತ್ತದೆ. ಅದನ್ನು ಉತ್ತರ ಕೊಡುವ ಕೆಲಸಕ್ಕೆ ಹಚ್ಚಬೇಡಿ, ಪ್ರಶ್ನೆ ಕೇಳುವ ಕೆಲಸಕ್ಕೆ ಹಚ್ಚಿ: ಈ ಪಾಠದ ಮೇಲೆ ನನಗೆ ಐದು ಪ್ರಶ್ನೆ ಕೇಳು, ನಾನು ಉತ್ತರಿಸಿದ ಮೇಲೆ ತಪ್ಪು ತೋರಿಸು ಎನ್ನಿ. ಅದು ಹೇಳಿದ್ದೂ ತಪ್ಪಿರಬಹುದು, ಪುಸ್ತಕದೊಂದಿಗೆ ತಾಳೆ ನೋಡಿ. ಎಲ್ಲಿಯವರೆಗೆ ಬಳಸಬಹುದು ಎಂಬ ನಿಯಮ ಒಂದೊಂದು ಕೋರ್ಸ್‌ನಲ್ಲಿ ಒಂದೊಂದು ತರಹ ಇರುತ್ತದೆ. ಮೊದಲ ವಾರವೇ ಆಯಾ ಅಧ್ಯಾಪಕರನ್ನು ಕೇಳಿಬಿಡಿ, ಸಿಕ್ಕಿಬಿದ್ದ ಮೇಲೆ ಗೊತ್ತಿರಲಿಲ್ಲ ಎಂದರೆ ಯಾರೂ ಒಪ್ಪುವುದಿಲ್ಲ.

ಅಧ್ಯಾಪಕರನ್ನು ಕೇಳುವುದು ಎಂದೆ. ನನ್ನ ಮಟ್ಟಿಗೆ ಮೊದಲ ವರ್ಷದವರು ಬಳಸದೇ ಬಿಡುವ ದೊಡ್ಡ ಸೌಲಭ್ಯ ಇದೇ. ಕೊಠಡಿಯ ಬಾಗಿಲಿಗೆ ಬಂದು ನಿಂತು, ಒಳಗೆ ಯಾರೋ ಇದ್ದಾರೆ ಎಂದು ಹಿಂದಿರುಗುವವರು ಎಷ್ಟೋ ಜನ. ಹೆದರಿಕೆ ಒಂದೇ: ಇಷ್ಟು ಗೊತ್ತಿಲ್ಲವೇ ಎಂದುಬಿಟ್ಟರೆ? ಬಾಗಿಲ ಈ ಕಡೆ ಕುಳಿತವನಾಗಿ ಹೇಳುತ್ತೇನೆ, ಬೇಸರ ಬರುವುದು ದಡ್ಡ ಪ್ರಶ್ನೆಗಲ್ಲ, ‘ಸರ್, ನಾಲ್ಕನೆಯ ಅಧ್ಯಾಯ ಪೂರ್ತಿ ಅರ್ಥವಾಗಲಿಲ್ಲ’ ಎಂಬ ಪ್ರಶ್ನೆಗೆ. ಅದಕ್ಕೆ ನಾನು ಏನು ಹೇಳಲಿ? ‘ಗೋಡೆಗೆ ಬಡಿದ ಚೆಂಡಿನ ಲೆಕ್ಕ ಇಲ್ಲಿಯವರೆಗೆ ಬಂತು, ಈ ಸಾಲಿನಲ್ಲಿ ಸಂವೇಗ ಎಲ್ಲಿ ಹೋಯಿತು ಎಂದು ತಿಳಿಯಲಿಲ್ಲ’ ಎಂದು ಹಾಳೆ ಮುಂದಿಟ್ಟರೆ ಐದು ನಿಮಿಷದ ಕೆಲಸ, ಇಬ್ಬರಿಗೂ ಸಂತೋಷ. ಬರೆದು ಕೇಳುವುದಾದರೆ ಹೆಸರು, ಯಾವ ತರಗತಿ, ಯಾವ ಲೆಕ್ಕ, ನೀವು ಎಲ್ಲಿಯವರೆಗೆ ಬಂದಿರಿ ಎಂಬ ನಾಲ್ಕು ಸಾಲು ಸಾಕು. ಎರಡು ಪುಟದ ಕ್ಷಮಾಪಣೆ ಬೇಡ. ಮೂರನೆಯ ವಾರದೊಳಗೆ ಕನಿಷ್ಠ ಒಬ್ಬ ಅಧ್ಯಾಪಕರ ಬಾಗಿಲು ಒಮ್ಮೆ ತಟ್ಟಿರಿ, ಕೇಳಲು ದೊಡ್ಡದೇನೂ ಇಲ್ಲದಿದ್ದರೂ. ಒಮ್ಮೆ ಹೋದವರಿಗೆ ಎರಡನೆಯ ಸಲ ಕಾಲು ತಡೆಯುವುದಿಲ್ಲ.

ತರಗತಿಗೆ ಹೋಗಬೇಕೆ ಎಂಬ ಪ್ರಶ್ನೆಗೆ ಉತ್ತರ ಚಿಕ್ಕದು: ಹೋಗಿ. ಕೂರುವ ಜಾಗ ಮಾತ್ರ ನೋಡಿಕೊಳ್ಳಿ. ಕೆನಡಾದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಪಾಠದ ನಡುವೆ ಲ್ಯಾಪ್‌ಟಾಪ್‌ನಲ್ಲಿ ಬೇರೆ ಕೆಲಸವನ್ನೂ ಮಾಡಿದವರ ಅಂಕ ಇಳಿಯಿತು. ಸೋಜಿಗವೆಂದರೆ, ಅಂಥವರ ಪರದೆ ಕಣ್ಣಿಗೆ ಬೀಳುವ ಹಾಗೆ ಹಿಂದೆ ಕುಳಿತು, ಕಾಗದದ ಮೇಲೆ ಬರೆದುಕೊಂಡವರ ಅಂಕ ಶೇಕಡ 17ರಷ್ಟು ಕಡಿಮೆಯಾಗಿತ್ತು. ನಿಮ್ಮ ಮೊಬೈಲ್ ಜೇಬಿನಲ್ಲಿದ್ದರೂ ಮುಂದಿನವನ ಕ್ರಿಕೆಟ್ ನಿಮ್ಮನ್ನು ಬಿಡುವುದಿಲ್ಲ. ಮುಂದಿನ ಎರಡು ಸಾಲು ಬುದ್ಧಿವಂತರಿಗೆ ಮೀಸಲು ಎಂದೇನೂ ಇಲ್ಲ, ಅಲ್ಲಿ ಪರದೆಗಳು ಕಾಣುವುದಿಲ್ಲ ಎಂಬುದೇ ಅದರ ಲಾಭ.

ಇನ್ನು ಅಸೈನ್‌ಮೆಂಟ್ ಮತ್ತು ಲ್ಯಾಬ್ ವರದಿಗಳು. ನಾಳೆ ಶುರು ಮಾಡಿದರೂ ಮುಗಿಯುತ್ತದೆ ಎಂದು ನಿಮಗೆ ಅನ್ನಿಸುತ್ತದೆ. ಎಲ್ಲರಿಗೂ ಅನ್ನಿಸುತ್ತದೆ. ಡೇನಿಯಲ್ ಕಾನೆಮನ್ ಮತ್ತು ಆಮೋಸ್ ಟ್ವೆರ್ಸ್ಕಿ 1979ರಲ್ಲಿ ವಿವರಿಸಿದ ತಪ್ಪು ಅಂದಾಜು ಇದು. ರೋಜರ್ ಬ್ಯೂಲರ್ ಮತ್ತು ಸಂಗಡಿಗರು 1994ರಲ್ಲಿ ಪ್ರಬಂಧ ಬರೆಯುತ್ತಿದ್ದ ಮನೋವಿಜ್ಞಾನ ವಿದ್ಯಾರ್ಥಿಗಳನ್ನು ಎಷ್ಟು ದಿನ ಬೇಕು ಎಂದು ಕೇಳಿದರು. ಸರಾಸರಿ ಅಂದಾಜು ಸುಮಾರು 34 ದಿನ. ಎಲ್ಲವೂ ಕೆಟ್ಟರೆ ಎಷ್ಟು ಎಂದದ್ದಕ್ಕೆ ಸುಮಾರು 49 ಎಂದರು. ನಿಜಕ್ಕೂ ಹಿಡಿದದ್ದು 55ಕ್ಕೂ ಹೆಚ್ಚು. ಕೆಟ್ಟ ಕಾಲವನ್ನು ಊಹಿಸಿ ಹೇಳಿದ ಅಂದಾಜೂ ಸಾಲಲಿಲ್ಲ. ಹಾಗಾಗಿ ಮನಸ್ಸಿಗೆ ತೋಚಿದ ಸಂಖ್ಯೆಯನ್ನು ಒಂದೂವರೆ ಪಟ್ಟು ಮಾಡಿ, ಆಮೇಲೆ ಕೊನೆಯ ದಿನಾಂಕದಿಂದ ಹಿಂದಕ್ಕೆ ಎಣಿಸಿ. ಇದಕ್ಕಿಂತಲೂ ಒಳ್ಳೆಯದು ಅಸೈನ್‌ಮೆಂಟ್ ಸಿಕ್ಕ ದಿನವೇ ಅರ್ಧ ಗಂಟೆ ಕುಳಿತು ಮೊದಲ ಪ್ರಶ್ನೆಗೆ ಕೈ ಹಾಕುವುದು. ಮುಗಿಸಬೇಕೆಂದಲ್ಲ, ಎಲ್ಲಿ ಕಷ್ಟವಿದೆ ಎಂದು ಕಂಡುಕೊಳ್ಳಲು. ಕೇಳಿ ತಿಳಿದುಕೊಳ್ಳಲು ಹತ್ತು ದಿನ ಇರುವಾಗ ಅದು ಗೊತ್ತಾಗಬೇಕು, ಹಿಂದಿನ ರಾತ್ರಿ ಹನ್ನೊಂದು ಗಂಟೆಗಲ್ಲ.

ಆ ಹನ್ನೊಂದು ಗಂಟೆಯ ವಿಷಯ. 18ರಿಂದ 25 ವಯಸ್ಸಿನವರಿಗೆ ಏಳರಿಂದ ಒಂಬತ್ತು ಗಂಟೆ ನಿದ್ದೆ ಬೇಕು ಎಂಬುದು ತಜ್ಞರ ಶಿಫಾರಸು. ಹಗಲು ಕಲಿತದ್ದು ಗಟ್ಟಿಯಾಗುವ ಕೆಲಸದಲ್ಲಿ ದೊಡ್ಡ ಪಾಲು ನಿದ್ದೆಯಲ್ಲಿ ನಡೆಯುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಗೆಟ್ಟು ಓದುವವನು ಹೊಸದನ್ನು ತುಂಬುವ ಭರದಲ್ಲಿ ಹಳೆಯದು ಗಟ್ಟಿಯಾಗಲು ಬಿಡುವುದಿಲ್ಲ. ಹಾಸ್ಟೆಲ್‌ನಲ್ಲಿ ಒಂದು ಗಂಟೆಗೆ ಮೊದಲು ಮಲಗುವವನನ್ನು ಹಾಸ್ಯ ಮಾಡುತ್ತಾರೆ, ಮಾಡಲಿ.

ಪರಿಚಯದವರು ಒಬ್ಬರೂ ಇಲ್ಲ ಎಂದಿದ್ದೀರಿ. ಓದಿಗಿಂತ ಇದೇ ನಿಮ್ಮನ್ನು ಹೆಚ್ಚು ಕಾಡುತ್ತಿದೆ ಎಂದು ನನ್ನ ಊಹೆ. ಇಲ್ಲಿ ಒಂದು ಲೆಕ್ಕ ನೆಮ್ಮದಿ ಕೊಡುತ್ತದೆ. ಅಮೆರಿಕದ ಜೆಫ್ರಿ ಹಾಲ್ ಎಂಬ ಸಂಶೋಧಕರು ಹೊಸ ಊರಿಗೆ ಬಂದವರನ್ನೂ ಕಾಲೇಜಿಗೆ ಹೊಸದಾಗಿ ಸೇರಿದವರನ್ನೂ ಕೇಳಿ 2018ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ, ಪರಿಚಯ ಸಾಧಾರಣ ಗೆಳೆತನವಾಗಲು ಜೊತೆಯಲ್ಲಿ ಸುಮಾರು 50 ಗಂಟೆ ಕಳೆಯಬೇಕು, ಸ್ನೇಹಿತ ಎನ್ನಲು ಸುಮಾರು 90, ಆಪ್ತ ಎನ್ನಲು 200ಕ್ಕೂ ಹೆಚ್ಚು. ಎರಡನೆಯ ವಾರದಲ್ಲಿ ನಿಮಗೆ ಆಪ್ತರು ಯಾರೂ ಇಲ್ಲದಿದ್ದರೆ ಅದು ನಿಮ್ಮ ಸ್ವಭಾವದ ದೋಷವಲ್ಲ, ಅಷ್ಟು ಗಂಟೆಗಳೇ ಇನ್ನೂ ಆಗಿಲ್ಲ. ಗಂಟೆಗಳು ಕೂಡಿಬರುವುದು ಒಂದೇ ಜನ ಒಂದೇ ಹೊತ್ತಿಗೆ ಮತ್ತೆ ಮತ್ತೆ ಸೇರುವ ಕಡೆ. ಹತ್ತು ಸಂಘಗಳಿಗೆ ಹೆಸರು ಕೊಡುವ ಬದಲು ವಾರಕ್ಕೊಮ್ಮೆ ತಪ್ಪದೆ ಸೇರುವ ಒಂದನ್ನು ಆರಿಸಿ, ಆಟವೋ ನಾಟಕವೋ ಯಾವುದಾದರೂ ಸರಿ. ಇನ್ನೊಂದು, ಲ್ಯಾಬ್‌ನಲ್ಲಿ ಪಕ್ಕದವರೊಂದಿಗೆ ಸೇರಿ ಪುಸ್ತಕ ಮುಚ್ಚಿಟ್ಟು ಒಬ್ಬರಿಗೊಬ್ಬರು ಪಾಠ ಹೇಳಿಕೊಳ್ಳುವ ರೂಢಿ ಹಚ್ಚಿಕೊಳ್ಳಿ. ಓದೂ ಆಗುತ್ತದೆ, ಗಂಟೆಗಳೂ ಕೂಡುತ್ತವೆ. ಮೊದಲ ದಿನವೇ ಅಂಟಿಕೊಂಡ ಗುಂಪು ಹಿಡಿಸದಿದ್ದರೆ ಬಿಟ್ಟು ಬರಲು ಸಂಕೋಚ ಬೇಡ. ಮೊದಲ ತಿಂಗಳಲ್ಲಿ ಎಲ್ಲರೂ ಗುಂಪು ಬದಲಾಯಿಸುತ್ತಿರುತ್ತಾರೆ.

ಇಲ್ಲಿ ಎಲ್ಲರೂ ಸಲೀಸಾಗಿದ್ದಾರೆ, ನಾನೊಬ್ಬನೇ ಹೊರಗಿನವನು ಎಂದು ಒಂದಲ್ಲ ಒಂದು ದಿನ ಅನ್ನಿಸಿಯೇ ಅನ್ನಿಸುತ್ತದೆ. ಗ್ರೆಗರಿ ವಾಲ್ಟನ್ ಮತ್ತು ಜೆಫ್ರಿ ಕೋಹೆನ್ 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮೊದಲ ವರ್ಷದವರಿಗೆ, ಹೀಗೆ ಅನ್ನಿಸುವುದು ಬಹುತೇಕ ಎಲ್ಲರಿಗೂ ಇದ್ದದ್ದೇ, ಕಾಲ ಕಳೆದಂತೆ ಹೋಗುತ್ತದೆ ಎಂಬ ಹಿರಿಯ ವಿದ್ಯಾರ್ಥಿಗಳ ಮಾತುಗಳನ್ನು ಓದಿಸಿ, ಅದರ ಬಗ್ಗೆ ಬರೆಯಲು ಹೇಳಿದರು. ಒಂದು ಗಂಟೆಯ ಕೆಲಸ ಅಷ್ಟೇ. ಆ ಕಾಲೇಜಿನಲ್ಲಿ ಅಲ್ಪಸಂಖ್ಯಾತರಾಗಿದ್ದ ಕಪ್ಪು ವರ್ಣೀಯ ವಿದ್ಯಾರ್ಥಿಗಳ ಅಂಕ ಮುಂದಿನ ಮೂರು ವರ್ಷ ಏರುತ್ತಾ ಹೋಯಿತು. ಒಂದು ಕೆಟ್ಟ ಅಂಕ ಬಂದಾಗ ಅದನ್ನು ‘ಇದು ನನ್ನ ಜಾಗವಲ್ಲ’ ಎಂದು ಓದಿಕೊಳ್ಳುವವನು ಪ್ರಶ್ನೆ ಕೇಳುವುದನ್ನೇ ಬಿಡುತ್ತಾನೆ. ‘ಮೊದಲ ವರ್ಷ, ಹೀಗಾಗುತ್ತದೆ’ ಎಂದು ಓದಿಕೊಳ್ಳುವವನು ಹೋಗಿ ಕೇಳುತ್ತಾನೆ. ನಿಮ್ಮ ಮೊದಲ ಅಂಕ ಶಾಲೆಯ ಅಂಕಕ್ಕಿಂತ ಕಡಿಮೆ ಬರುವ ಸಾಧ್ಯತೆ ಚೆನ್ನಾಗಿಯೇ ಇದೆ, ಯಾಕೆಂದರೆ ಅಲ್ಲಿ ಕೂತವರೆಲ್ಲ ತಂತಮ್ಮ ಶಾಲೆಯ ಮೊದಲ ಮೂವರಲ್ಲಿ ಒಬ್ಬರು. ಉತ್ತರ ಪತ್ರಿಕೆಯನ್ನು ಮಡಚಿಡಬೇಡಿ, ಯಾವ ಲೆಕ್ಕದ ಯಾವ ಹೆಜ್ಜೆಯಲ್ಲಿ ಅಂಕ ಹೋಯಿತು ಎಂದು ಕುಳಿತು ನೋಡಿ. ಬಿಟ್ಟಿಯಾಗಿ ಬಂದ ಸುದ್ದಿ ಅದು.

ಹೆದರಬೇಕಾದದ್ದು ಯಾವುದು ಎಂದು ಕೇಳಿದಿರಿ. ಅಂಕ ಇಳಿದರೆ ಹೆದರಬೇಕಾಗಿಲ್ಲ, ಮನೆಯ ನೆನಪು ಕಾಡಿದರೂ ಹೆದರಬೇಕಾಗಿಲ್ಲ, ವಿಷಯ ತಪ್ಪಾಗಿ ಆರಿಸಿದೆನೇನೋ ಎಂಬ ಅನುಮಾನ ಒಂದು ಸೆಮಿಸ್ಟರ್ ಕಾಯಲಿ. ಆದರೆ ಎರಡು ವಾರಕ್ಕೂ ಹೆಚ್ಚು ಕಾಲ ದಿನವಿಡೀ ಮನಸ್ಸು ಕುಗ್ಗಿಯೇ ಇದ್ದರೆ, ಇಷ್ಟದ ಕೆಲಸವೂ ಬೇಡವಾದರೆ, ನಿದ್ದೆ ಊಟ ಏರುಪೇರಾದರೆ, ಇಲ್ಲದಿರುವುದೇ ವಾಸಿ ಎಂಬ ಯೋಚನೆ ಒಮ್ಮೆ ಸುಳಿದರೂ, ಅದನ್ನು ಸೋಮಾರಿತನ ಎಂದು ಬೈದುಕೊಳ್ಳಬೇಡಿ. ಅದೇ ದಿನ ಮನೆಯವರಿಗೋ, ನಂಬುವ ಒಬ್ಬ ಅಧ್ಯಾಪಕರಿಗೋ, ಕಾಲೇಜಿನ ಆಪ್ತಸಮಾಲೋಚಕರಿಗೋ, ವೈದ್ಯರಿಗೋ ಹೇಳಿ. ಇದರಲ್ಲಿ ತಡವಾದರೆ ಆಗುವ ನಷ್ಟ ಅಂಕದ್ದಲ್ಲ. ಅಪ್ಪನಿಗೆ ಬೇಸರವಾಗುತ್ತದೆ ಎಂದು ಮುಚ್ಚಿಡುವವರಿದ್ದಾರೆ. ಅಪ್ಪಂದಿರಿಗೆ ಬೇಸರವಾಗುವುದು ಮುಚ್ಚಿಟ್ಟದ್ದಕ್ಕೆ.

ದುಡ್ಡಿನ ಬಗ್ಗೆ ಎರಡು ಮಾತು: ಮೊದಲ ತಿಂಗಳು ಖರ್ಚಾದದ್ದನ್ನೆಲ್ಲ ಬರೆದಿಡಿ, ಉಳಿಸಲು ಹೋಗಬೇಡಿ. ಎರಡನೆಯ ತಿಂಗಳ ಲೆಕ್ಕ ತಾನಾಗಿ ಕಾಣುತ್ತದೆ.

ಕೊನೆಯ ಪ್ರಶ್ನೆ, ಈಗ ಏನು ಓದಬೇಕು, ಏನು ಕೊಳ್ಳಬೇಕು. ಕಾಲೇಜಿನ ಪುಸ್ತಕವನ್ನು ಈಗಲೇ ಓದಲು ಕೂರಬೇಡಿ. ಅರ್ಧಂಬರ್ಧ ಪರಿಚಯ ಮಾಡಿಕೊಂಡು ಹೋದವರು ತರಗತಿಯಲ್ಲಿ ‘ಇದು ಗೊತ್ತು’ ಎಂದು ಕಿವಿ ಮುಚ್ಚಿಕೊಳ್ಳುತ್ತಾರೆ. ಅದರ ಬದಲು ಶಾಲೆಯ ಕೊನೆಯ ಎರಡು ವರ್ಷದ ಗಣಿತ ತೆಗೆಯಿರಿ. ಬೀಜಗಣಿತ, ತ್ರಿಕೋನಮಿತಿ, ಸದಿಶಗಳು, ಅವಕಲನ, ಅನುಕಲನ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಪುಸ್ತಕ ನೋಡದೆ ಬಿಡಿಸಿ ನೋಡಿ, ಎಲ್ಲಿ ಕೈ ತಡೆಯುತ್ತದೋ ಅಷ್ಟನ್ನು ಮಾತ್ರ ಸರಿಮಾಡಿಕೊಳ್ಳಿ. ದಿನಕ್ಕೆ ಒಂದು ಗಂಟೆ ಧಾರಾಳ. ಪಠ್ಯಪುಸ್ತಕಗಳನ್ನು ಮೊದಲ ವಾರ ಅಧ್ಯಾಪಕರು ಹೇಳುವವರೆಗೆ ಕೊಳ್ಳಬೇಡಿ, ಹಿಂದಿನ ಆವೃತ್ತಿ ಸಾಕೇ ಎಂದೂ ಕೇಳಿ, ಗ್ರಂಥಾಲಯದಲ್ಲಿ ಎಷ್ಟು ಪ್ರತಿಗಳಿವೆ ಎಂದು ನೋಡಿ. ಲ್ಯಾಪ್‌ಟಾಪ್ ಮನೆಯಲ್ಲಿ ಇದ್ದರೆ ಒಯ್ಯಿರಿ. ಇಲ್ಲದಿದ್ದರೆ ನಿಮ್ಮ ವಿಭಾಗದಲ್ಲಿ ಯಾವ ತಂತ್ರಾಂಶ ಬಳಸುತ್ತಾರೆ, ಕಾಲೇಜಿನ ಕಂಪ್ಯೂಟರ್ ಕೊಠಡಿ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ ಎಂದು ತಿಳಿದುಕೊಂಡು ಆಮೇಲೆ ತೀರ್ಮಾನಿಸಿ. ಈಗ ಕೊಳ್ಳಬೇಕಾದದ್ದು ಒಂದು ಗಡಿಯಾರದ ಅಲಾರಂ, ಯಾಕೆಂದರೆ ಮೊಬೈಲ್ ರಾತ್ರಿ ಮೇಜಿನ ಡ್ರಾಯರ್‌ನಲ್ಲಿ ಇರಬೇಕು. ಮತ್ತು ಒಂದು ಕಟ್ಟು ಗೆರೆಯಿಲ್ಲದ ಬಿಳಿ ಹಾಳೆ.